ಅರ್ಧ ಸ್ಲ್ಯಾಬಿನ ಕೆಳಗಿನ ಕಂಬಗಳು

ಸ್ಲ್ಯಾಬ್ ಹಾಕುವ ದಿನ ಯಾರೂ ಕೂಡುವಂತಿಲ್ಲ. ಮಿಕ್ಸರ್ ತಿರುಗಲು ಶುರುವಾಯಿತೆಂದರೆ ಊಟ, ನೀರು, ಒಂದಕ್ಕೆ ಹೋಗುವುದು ಎಲ್ಲವೂ ಪಾಳಿಯ ಮೇಲೆ. ಹೆಣ್ಣುಮಕ್ಕಳು ಏಣಿಯುದ್ದಕ್ಕೂ ಸಾಲಾಗಿ ನಿಂತು ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಸಿಮೆಂಟಿನ ನೀರು ಮೊಣಕೈಯಿಂದ ಇಳಿದು ಕುಪ್ಪಸದೊಳಗೆ ಹೋಗಿ ಚರ್ಮ ಸುಡುತ್ತದೆ. ಸಂಜೆ ಎಷ್ಟು ಎಣ್ಣೆ ತಿಕ್ಕಿಕೊಂಡರೂ ರೊಟ್ಟಿ ಮುರಿಯಲು ಬೆರಳು ಮಡಚುವುದಿಲ್ಲ. ಆದರೂ ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಹಾಕಿದ ಕಾಂಕ್ರೀಟಿನ ಮಾಲು ಬಿಗಿಯುತ್ತದೆ, ಹೊಸ ಮಾಲು ಅದಕ್ಕೆ ಕೂಡುವುದಿಲ್ಲ, ಮಳೆಗಾಲದಲ್ಲಿ ಅಲ್ಲೇ ಸೋರುತ್ತದೆ. ಇದು ಮನೆ ಕಟ್ಟಿಸಿದ ಎಲ್ಲರಿಗೂ ಗೊತ್ತು. ಆದರೆ ಘೋಷಣೆ ಕೂಗುವಾಗ ಯಾರಿಗೂ ನೆನಪಿರುವುದಿಲ್ಲ.

ನನ್ನ ಹೆಸರು ಗಿಡಿಯನ್. ಬಾಡಿಗೆಗೆ ಮಿಕ್ಸರ್ ನಡೆಸುತ್ತೇನೆ. ಭಾನುವಾರ ಚರ್ಚಿಗೆ ಹೋಗುತ್ತೇನೆ, ಉಳಿದ ದಿನ ಜನರನ್ನು ಬೈಯುತ್ತೇನೆ. ನಿನ್ನ ಮಷೀನಿಗಿಂತ ನಿನ್ನ ಸಪ್ಪಳವೇ ಜಾಸ್ತಿ ಎಂದು ನನ್ನ ಹೆಂಡತಿ ಶರ್ಲಿ ಹೇಳುವುದುಂಟು. ಇರಲಿ. ಈಗ ಹೇಳಹೊರಟಿದ್ದು ಕಾವೇರವ್ವನ ಮಾತು.

ಕಾವೇರವ್ವನದು ಸೆಂಟ್ರಿಂಗ್ ಕೆಲಸ. ಅಂದರೆ, ಹಸಿ ಸ್ಲ್ಯಾಬು ಬಿಗಿಯುವವರೆಗೆ ಅದನ್ನು ಕೆಳಗಿನಿಂದ ಹೊತ್ತು ನಿಲ್ಲುವ ಕಬ್ಬಿಣದ ಕಂಬ ಮತ್ತು ಪ್ಲೇಟುಗಳು ಅವಳವು. ಒಂದು ಕಟ್ಟಡದ ಕೆಳಗಿನಿಂದ ಬಿಚ್ಚಿ ಇನ್ನೊಂದರ ಕೆಳಗೆ ಹೂಡುವುದೇ ಅವಳ ಜೀವನ. ಮೊದಲು ಅವಳೂ ಬುಟ್ಟಿ ಹೊರುತ್ತಿದ್ದಳು. ಗಂಡ ಸತ್ತ ಮೇಲೆ ಗುಜರಿ ಅಂಗಡಿಗಳಲ್ಲಿ ಹುಡುಕಿ ಹುಡುಕಿ, ಒಂದೊಂದೇ ಪ್ಲೇಟು ಕೊಂಡು, ಸೊಟ್ಟಗಿದ್ದದ್ದನ್ನು ತಾನೇ ಬಡಿದು ನೆಟ್ಟಗೆ ಮಾಡಿಕೊಂಡು ಸಾಮಾನು ಕೂಡಿಸಿದಳು. ಅವಳಿಗೆ ಹೊಲವಿಲ್ಲ, ಸ್ವಂತ ಮನೆಯಿಲ್ಲ. ಅದೊಂದೇ ಆಸ್ತಿ. ಆ ಸಾಮಾನು ನಡೆದರೆ ಅವಳ ಕೈಕೆಳಗಿನ ಬಡೇಸಾಬ ಕಾಕಾ, ಸಿತಾರಾ ಮತ್ತು ಉಳಿದವರ ಒಲೆಯೂ ಉರಿಯುತ್ತದೆ.

ಹುಬ್ಬಳ್ಳಿಯ ಗಬ್ಬೂರಿನಲ್ಲಿ ಬೈಪಾಸಿಗೆ ಹತ್ತಿಕೊಂಡು ಒಂದು ತಗಡಿನ ಮಸೀದಿ ಇತ್ತು. ಗ್ಯಾರೇಜಿನವರು, ಪಂಕ್ಚರ್ ತೆಗೆಯುವವರು, ಲಾರಿ ಚಾಲಕರು ಅಲ್ಲಿ ನಮಾಜು ಮಾಡುತ್ತಿದ್ದರು. ಬೇಸಿಗೆಯಲ್ಲಿ ತಗಡು ಕಾದರೆ ಒಳಗೆ ನಿಲ್ಲಲಾಗುತ್ತಿರಲಿಲ್ಲ. ಕಮಿಟಿಯವರು ತಗಡು ತೆಗೆಸಿ ಗಟ್ಟಿ ಕಟ್ಟಡ ಕಟ್ಟುವುದೆಂದು ನಿಶ್ಚಯಿಸಿದರು. ಪರವಾನಗಿ ಇದೆ ಎಂದು ಅವರು, ಇಲ್ಲ ಎಂದು ಎದುರಿನವರು. ಆ ಕಾಗದ ನಾನು ನೋಡಿಲ್ಲ. ನಮ್ಮನ್ನು ಕೆಲಸಕ್ಕೆ ಕರೆದರು, ಹೋದೆವು. ಗುಡಿಯ ಸ್ಲ್ಯಾಬೂ ಹಾಕಿದ್ದೇವೆ, ಚರ್ಚಿನದೂ ಹಾಕಿದ್ದೇವೆ, ಬಾರಿನದೂ ಹಾಕಿದ್ದೇವೆ. ಬುಟ್ಟಿಯ ಭಾರ ಎಲ್ಲ ಕಡೆ ಅಷ್ಟೇ.

ಆ ದಿನ ಮುಂಜಾನೆ ರೂಢಿಯಂತೆ ಕಾವೇರವ್ವ ಮಿಕ್ಸರಿನ ಮುಂದೆ ಕಾಯಿ ಒಡೆದಳು. ಬಡೇಸಾಬ ಕಾಕಾ ಕೈಯೆತ್ತಿ ದುವಾ ಮಾಡಿದ. ನಾನು ಟೊಪ್ಪಿಗೆ ತೆಗೆದು ಕಣ್ಣು ಮುಚ್ಚಿದೆ. ಮಷೀನು ನಡುವೆ ಕೈಕೊಡದಿರಲಿ ಎಂಬುದೊಂದೇ ಮೂವರ ಬೇಡಿಕೆ. ಮಷೀನೇನೋ ಕೈಕೊಡಲಿಲ್ಲ.

ಬಿಸಿಲೇರುವ ಹೊತ್ತಿಗೆ ರಸ್ತೆಯಾಚೆ ಜನ ಸೇರಿದರು. ಮುಂದೆ ದತ್ತು ಸಾವಕಾರ. ಪ್ಲಾಟು ವ್ಯಾಪಾರದಲ್ಲಿ ಹೆಸರು ಮಾಡಿದವನು. ಮಸೀದಿ ಬೇಡ ಎಂದು ಕೂಗು. ಇತ್ತ ಕಮಿಟಿಯ ಅಧ್ಯಕ್ಷ ಖಾದರಬಾಷಾ ಶೇಠ ಫೋನು ತಿರುಗಿಸಿದ. ಕಟ್ಟಿಗೆ ಅಡ್ಡೆಯ ಮಾಲಕ, ಅವನಿಗೂ ಜನಕ್ಕೆ ಕೊರತೆಯಿಲ್ಲ. ಅವರೂ ಬಂದು ಈಚೆ ನಿಂತು ಕೂಗತೊಡಗಿದರು. ನಡುವೆ ಪೊಲೀಸರು. ನಡುವಿನ ನಡುವೆ ನಾವು.

"ಮಷೀನ್ ಬಂದ್ ಮಾಡು," ಎಂದ ಇನ್‌ಸ್ಪೆಕ್ಟರ್.

ಕಾವೇರವ್ವ ಮೇಲಿನಿಂದಲೇ ಬಗ್ಗಿ ನೋಡಿದಳು. "ಸಾಹೇಬ್ರ, ಬೀಮಿನ ತನಕರ ಬಿಡ್ರಿ. ಅರ್ಧಾ ಖೋಲ್ಯಾಗ ನಿಲ್ಲಿಸಿದ್ರ ಸ್ಲ್ಯಾಬ್ ನಿಂದರಂಗಿಲ್ಲ. ನಾಳಿ ಯಾರದರ ತಲೀ ಮ್ಯಾಲ ಬೀಳತೈತಿ."

"ಇಳಿ ಅಂದ್ರ ಇಳಿ."

"ಇಳೀತೇನ್ರಿ. ಬೀಮ್ ಮುಟ್ಟಿ ಇಳೀತೇನಿ." ಆಮೇಲೆ ನನ್ನ ಕಡೆ ತಿರುಗಿದಳು. "ಗಿಡ್ಯಣ್ಣ, ಮಾಲ್ ಬಿಡು."

ನಾನು ಮಾಲು ಬಿಟ್ಟೆ. ಎಲ್ಲಿಂದಲೋ ಒಂದು ಕಲ್ಲು ಬಂದು ಮಿಕ್ಸರಿಗೆ ಬಡಿಯಿತು. ಯಾವ ಕಡೆಯದೋ ದೇವರೇ ಬಲ್ಲ. ಸಿತಾರಾ ಏಣಿಯ ಮೇಲೆ ತಲೆ ತಗ್ಗಿಸಿದಳು, ಬುಟ್ಟಿ ಮಾತ್ರ ಬಿಡಲಿಲ್ಲ. ಇನ್‌ಸ್ಪೆಕ್ಟರ್ ಬಾಯಿಗೆ ಬಂದಂತೆ ಬೈಯುತ್ತಲೇ ಇದ್ದ. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ನಡುಬೀಮಿನ ತನಕ ಮಾಲು ಮುಟ್ಟಿ, ಕಾವೇರವ್ವ ಅಂಚನ್ನು ಹಲಗೆಯಿಂದ ಒತ್ತಿ ಸರಿ ಮಾಡಿ ಕೈ ಎತ್ತಿದ ಮೇಲೆಯೇ ನಾನು ಮಷೀನು ನಿಲ್ಲಿಸಿದ್ದು. ಅರ್ಧ ಕಟ್ಟಡಕ್ಕೆ ಚಾವಣಿಯಾಯಿತು. ಇನ್ನರ್ಧ ಬರೀ ಪ್ಲೇಟು, ಕಂಬಿ, ಆಕಾಶ.

ಮರುದಿನ ಎಲ್ಲರ ಫೋನಿನಲ್ಲೂ ಒಂದು ವಿಡಿಯೋ. ಯಾವ ಸಾಮಾನು ಯಾರದೆಂಬ ಗುರುತಿಗೆ ಸೆಂಟ್ರಿಂಗಿನವರು ಒಬ್ಬೊಬ್ಬರು ಒಂದೊಂದು ಬಣ್ಣ ಬಳಿದಿರುತ್ತಾರೆ. ಕಾವೇರವ್ವನ ಕಂಬಗಳಿಗೆ ಹಸಿರು ಪಟ್ಟಿ. ಅದನ್ನೇ ತೋರಿಸಿ, ಕಟ್ಟುವ ಮೊದಲೇ ಹಸಿರು ಬಳಿದಿದ್ದಾರೆ ನೋಡಿ ಎಂದು ಒಬ್ಬ ಗಂಟಲು ಹರಿದುಕೊಂಡಿದ್ದ. ಅದೇ ಚಿತ್ರವನ್ನು ಇನ್ನೊಂದು ಕಡೆಯ ಹುಡುಗರು ಹೆಮ್ಮೆಯಿಂದ ಹಂಚಿದರು.

"ಸಾಲಿ ಕಿಟಕಿಗೆ ಹಚ್ಚಿ ಉಳಿದಿದ್ದ ಬಣ್ಣ ಅದು," ಎಂದಳು ಕಾವೇರವ್ವ. "ಡಬ್ಬಿ ಕೆಡತೈತಿ ಅಂತ ನಾ ಹಚ್ಚಿದ್ನಿ. ಇವರೇನ್ ಇಷ್ಟ ಓದ್ಯಾರ, ಇಷ್ಟೂ ತಿಳಿಯಂಗಿಲ್ಲೇನು?"

ಮೂರನೇ ದಿನ ದತ್ತು ಸಾವಕಾರನ ಕಾರು ಅವಳ ಬಾಡಿಗೆ ಮನೆಯ ಮುಂದೆ ಬಂದು ನಿಂತಿತು. ನಾನೂ ಅಲ್ಲೇ ಇದ್ದೆ. ಸಾವಕಾರ ಹೊರಗಿನ ಕಟ್ಟೆಯ ಮೇಲೆ ಕರವಸ್ತ್ರ ಹಾಸಿಕೊಂಡು ಕುಳಿತ.

"ಕಾವೇರವ್ವ, ಆ ಸಾಮಾನ ನಿಂದಲ್ಲ?"

"ನಂದ್ರಿ."

"ಹಂಗಾರ ನಿನ್ನ ಸಾಮಾನ ನೀ ತಗೊಂಡ ಹೋಗು. ಯಾರ್ ಬ್ಯಾಡ ಅಂತಾರ? ಪೊಲೀಸರಿಗೆ ನಾ ಹೇಳ್ತೇನಿ."

"ಸ್ಲ್ಯಾಬ್ ಇನ್ನೂ ಹಸಿ ಐತ್ರಿ. ಕಂಬ ತಗದ್ರ ಬೀಳತೈತಿ."

"ಬಿದ್ರ ಬೀಳಲಿ."

"ಅದರ ಕೆಳಗ ಪೊಲೀಸರು ಕುರ್ಚಿ ಹಾಕ್ಕೊಂಡ ಕುಂತಾರ್ರಿ, ನೆಳ್ಳಿಗೆ."

"ಅವರನ್ನ ನಾ ಎಬ್ಬಿಸ್ತೇನಿ. ಮುರದಷ್ಟು ಸಾಮಾನ ಹೊಸಾವು ಕೊಡಸ್ತೇನಿ. ಧರ್ಮದ ಕೆಲಸ ಇದು. ನೀ ನಮ್ಮಾಕಿ ಅಂತ ಹೇಳಾಕತ್ತೇನಿ."

ಕಾವೇರವ್ವನಿಗೆ ಹೊಸ ಸಾಮಾನು ಎಂಬ ಮಾತು ಸಣ್ಣದಲ್ಲ. ಅವಳ ಅರ್ಧ ಪ್ಲೇಟುಗಳು ತುಕ್ಕು ಹಿಡಿದು ಜಾಲರಿಯಾಗಿವೆ. ಹೂಂ ಎಂದುಬಿಡುತ್ತಾಳೋ ಏನೋ ಎಂದುಕೊಂಡೆ.

"ಸಾವಕಾರ್ರ, ನಿಮ್ಮ ಮನಿ ಸ್ಲ್ಯಾಬಿಗೆ ಕಂಬ ನಿಲ್ಲಿಸಿದಾಕಿನೂ ನಾನ," ಎಂದಳು. "ನಮ್ಮ ಕೆಲಸದಾಗ ಒಂದು ಪದ್ಧತಿ ಐತಿ. ಕಂಬ ಯಾರ್ ನಿಲ್ಲಿಸಿರ್ತಾರ, ಬಿಚ್ಚೂವಾಗ ಅವರೇ ಕೆಳಗ ನಿಂದರಬೇಕು. ಬಿದ್ರ ಮೊದಲ ಅವರ ಮ್ಯಾಲ ಬೀಳಲಿ ಅಂತ. ಬೀಳಸಾಕ ಅಂತ ಬಿಚ್ಚೋದು ನನಗ ಬರಂಗಿಲ್ರಿ."

ಸಾವಕಾರ ಎದ್ದು ಕರವಸ್ತ್ರ ಝಾಡಿಸಿದ. "ನೋಡ್ಕೋತ ಇರು," ಎಂದಷ್ಟೇ ಹೇಳಿ ಹೋದ.

ಅಷ್ಟರಲ್ಲಿ ಧಾರವಾಡದ ಕೋರ್ಟಿನಿಂದ ಆಜ್ಞೆ ಬಂತು. ಯಥಾಸ್ಥಿತಿ. ಯಾವುದು ಹೇಗಿದೆಯೋ ಹಾಗೇ ಇರಬೇಕು. ರಸ್ತೆಯ ಆಚೆ ಒಂದು ಪೆಂಡಾಲು, ಈಚೆ ಒಂದು ಪೆಂಡಾಲು ಎದ್ದವು. ಆಚೆ ಭಜನೆ, ಈಚೆ ಭಾಷಣ. ಎರಡೂ ಕಡೆ ಮಧ್ಯಾಹ್ನ ಊಟ. ಹುಬ್ಬಳ್ಳಿಯ ಚೌಕದಲ್ಲಿ ಕೂಲಿಗೆ ನಿಲ್ಲುವವರು ಕೆಲಸ ಸಿಗದ ದಿನ ಅವರವರ ಪೆಂಡಾಲಿಗೆ ಹೋಗಿ ಕೂತು, ಕೂಗು ಹಾಕಿ, ಉಂಡು ಬರತೊಡಗಿದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹಸಿವಾದವನು ಊಟ ಎಲ್ಲಿದೆಯೋ ಅಲ್ಲಿಗೆ ಹೋಗುತ್ತಾನೆ.

ನಮ್ಮವರ ಪಾಡು ಮಾತ್ರ ಕೇಳಬೇಡಿ. ಸಾಮಾನಿಲ್ಲದೆ ಸೆಂಟ್ರಿಂಗಿನವರಿಗೆ ಎಲ್ಲಿಯ ಕೆಲಸ? ಬೇರೆಯವರಲ್ಲಿ ಬಾಡಿಗೆಗೆ ಕೇಳಿದರೆ, ನಿನ್ನವು ಸಿಕ್ಕಿಬಿದ್ದಿವೆ, ನಮ್ಮವೂ ಸಿಕ್ಕಿಬೀಳಲೇನು ಎಂದರು. ಸಿತಾರಾ ಧಾರವಾಡದಲ್ಲಿ ಮನೆಗಳ ಮುಸುರೆ ತಿಕ್ಕಲು ಹೋದಳು. ಬಡೇಸಾಬ ಕಾಕಾ ಚೌಕದಲ್ಲಿ ನಿಂತ. ಬಿಳಿಗಡ್ಡ ನೋಡಿ ಯಾರೂ ಕರೆಯಲಿಲ್ಲ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ದೊಡ್ಡ ಕೆಲಸ ಕಾವೇರವ್ವನಿಗೆ ನಿಗದಿಯಾಗಿತ್ತು. ವರ್ಷಪೂರ್ತಿ ಎಲ್ಲರಿಗೂ ದುಡಿಮೆ ಇರುವಂಥದ್ದು. ಅಲ್ಲಿನ ಮೇಸ್ತ್ರಿ ಶಶಿಕುಮಾರ ಫೋನು ಮಾಡಿದ.

"ಅಕ್ಕಾ, ಸೋಮವಾರಕ್ಕ ಸಾಮಾನ ಇಲ್ಲಿ ಬಂದು ಬೀಳಬೇಕು ನೋಡ್ರಿ. ಇಲ್ಲಂದ್ರ ಬ್ಯಾರೆದವರಿಗೆ ಕೊಡ್ತೇನಿ. ನನ್ನ ಮ್ಯಾಲೂ ಮಾಲಕರದಾರ."

ಆ ಹೊತ್ತಿಗೆ ಮೂರು ವಾರ ಕಳೆದು ಸ್ಲ್ಯಾಬು ಬಿಗಿದಿತ್ತು. ಇನ್ನು ಕಂಬಗಳಿಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ಬಿಚ್ಚಿಕೊಳ್ಳಲು ಯಾರಾದರೂ ಹೂಂ ಎಂದರೆ ಸಾಕಿತ್ತು. ಆ ಹೂಂ ಕೇಳುತ್ತ ಕಾವೇರವ್ವ, ಬಡೇಸಾಬ ಕಾಕಾ, ನಾನು, ಮೂವರೂ ತಿರುಗಿದೆವು.

ಮೊದಲು ಖಾದರಬಾಷಾ ಶೇಠನ ಅಡ್ಡೆ. ಶೇಠ ಚಹಾ ತರಿಸಿದ, ಕುರ್ಚಿ ಹಾಕಿಸಿದ. "ಬೇಟಿ, ನೀ ಅವತ್ತ ಮಾಡಿದ್ದು ನಾವು ಮರಿಯಂಗಿಲ್ಲ. ಆದ್ರ ವಕೀಲರು ಮುಟ್ಟಬ್ಯಾಡ್ರಿ ಅಂದಾರ. ಕಂಬ ಇದ್ರ ನಮ್ಮ ಕೆಲಸ ನಡು ನಿಲ್ಲಿಸ್ಯಾರ ಅಂತ ಕೋರ್ಟಿಗೆ ಕಾಣತೈತಿ. ತಗದ್ರ ನಾವ ಬಿಟ್ಟಕೊಟ್ಟಂಗ."

"ಶೇಠ್ರ, ಸ್ಲ್ಯಾಬ್ ಈಗ ತಾನ ನಿಂದರತೈತ್ರಿ," ಎಂದ ಬಡೇಸಾಬ ಕಾಕಾ. "ಆ ಕಂಬ ಹೊರಗ ಬಂದ್ರ ನಮ್ಮ ಹೊಟ್ಟಿ ನಡೀತೈತಿ."

"ಇದು ಕೌಮಿನ ವಿಚಾರ ಕಾಕಾ, ನಮ್ಮ ಸಮಾಜದ್ದು. ಸ್ವಲ್ಪ ತ್ರಾಸ ತಗೋಬೇಕು."

"ಕೌಮಿನ್ಯಾಗ ನಾ ಬರಂಗಿಲ್ಲೇನ್ರಿ? ಆ ತಗಡಿನ ಕೆಳಗ ಇಷ್ಟ ವರ್ಷ ನಮಾಜ್ ಮಾಡಿದಾಂವ ನಾನು. ನಿಮ್ಮನ್ನ ನಾ ಅಲ್ಲಿ ನೋಡಿದ್ದು ಹಬ್ಬಕ್ಕಷ್ಟ."

ಶೇಠ ಫೋನು ಎತ್ತಿಕೊಂಡು ಬೇರೆ ಮಾತು ಶುರು ಮಾಡಿದ. ಚಹಾ ಹಾಗೇ ಬಿಟ್ಟು ಎದ್ದೆವು.

ಆಮೇಲೆ ದತ್ತು ಸಾವಕಾರನ ಆಫೀಸು. ಒಳಗೆ ಕರೆಯಲಿಲ್ಲ, ಬಾಗಿಲಲ್ಲೇ ಮಾತು.

"ಅವತ್ತ ನೀವ ತಗೊಂಡ ಹೋಗು ಅಂದಿದ್ರಿ," ಎಂದಳು ಕಾವೇರವ್ವ. "ಈಗ ತಗೀಬಹುದು. ತಗೀತೇನಿ."

"ಮುಟ್ಟೀಯ ಮತ್ತ. ಅವತ್ತಿನ ಮಾತ ಬ್ಯಾರೆ. ಈಗ ಕಂಬ ತಗದ್ರ ಕೆಳಗ ಖುಲ್ಲಾ ಆಗಿ ಮಸೂತಿ ಆಕ್ಕೈತಿ. ನಾಳಿಂದ ಅಲ್ಲೇ ನಮಾಜ್ ಶುರು ಮಾಡ್ತಾರ. ಯಥಾಸ್ಥಿತಿ ಅಂದ್ರ ಯಥಾಸ್ಥಿತಿ."

ನನಗೆ ತಲೆ ಕೆಟ್ಟು ಹೋಯಿತು. ಊರು ಹರಿದು ಎರಡು ಹೋಳಾಗಿದೆ. ಒಬ್ಬರು ಹಗಲು ಎಂದರೆ ಇನ್ನೊಬ್ಬರು ರಾತ್ರಿ ಎನ್ನುತ್ತಾರೆ. ಅಂಥವರು ಒಂದೇ ಒಂದು ವಿಷಯದಲ್ಲಿ ಒಂದಾಗಿದ್ದಾರೆ. ಕಾವೇರವ್ವನ ಕಂಬ ಕಾವೇರವ್ವನಿಗೆ ಸಿಗಬಾರದು.

ಕೊನೆಗೆ ಠಾಣೆ. ಇನ್‌ಸ್ಪೆಕ್ಟರ್ ತಲೆಯೆತ್ತಲಿಲ್ಲ.

"ಯಾವ ಕಡೆಯವರು ನೀವು?"

"ಯಾವ ಕಡೆಯವರೂ ಅಲ್ರಿ. ಸಾಮಾನ ನಂದು. ಅದನ್ನ ಕೇಳಾಕ ಬಂದೇವಿ."

"ರೋಡಿನ ಆಚೀಕ ಒಬ್ಬರಿಗೆ, ಈಚೀಕ ಒಬ್ಬರಿಗೆ ಪರ್ಮಿಷನ್ ಕೊಟ್ಟೇನಿ. ಮೂರನೇದವರಿಗೆ ಜಾಗಾ ಇಲ್ಲ. ಕೋರ್ಟಿಗೆ ಹೋಗ್ರಿ."

"ಕೋರ್ಟಿಗೆ ಹೋಗಿ ಬರೂತನಕ ಇವರು ಏನ್ ತಿನ್ನಬೇಕ್ರಿ?" ಎಂದೆ ನಾನು. ನನ್ನ ದನಿ ದೊಡ್ಡದು, ಏನು ಮಾಡಲಿ.

ಅವನು ಆಗ ತಲೆಯೆತ್ತಿದ. "ನೀ ಯಾರು?" ಹೆಸರು ಹೇಳಿದೆ. "ಗಿಡಿಯನ್? ಇದರಾಗ ನಿನಗೇನ್ ಬಂತೋ? ಹೊರಗ ನಡಿ."

ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತೆವು. ಕಾವೇರವ್ವ ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ನಾಳಿ ಬಿಚ್ಚೂಣು," ಎಂದಳು.

"ಹಿಡದು ಒಳಗ ಹಾಕ್ತಾರವ್ವ," ಎಂದ ಬಡೇಸಾಬ ಕಾಕಾ.

"ಹೊರಗ ಇದ್ದು ಏನ್ ಉಣ್ಣಾಕತ್ತೇವಿ ಕಾಕಾ? ಕದ್ದು ಬಿಚ್ಚೂದ ಬ್ಯಾಡ. ನಡುಮಧ್ಯಾಹ್ನ ಬಿಚ್ಚೂಣು, ಎಲ್ಲಾರೂ ನೋಡ್ಲಿ. ತಮ್ಮ ಸಾಮಾನ ತಾವ ಕಳುವು ಮಾಡಿದ್ರು ಅನ್ನಬಾರದು."

ಮರುದಿನ ಶನಿವಾರ. ಎರಡೂ ಪೆಂಡಾಲಿನವರು ಎಲೆ ಹಾಕಿಕೊಂಡು ಕುಳಿತಿದ್ದ ಹೊತ್ತು. ಗ್ಯಾಂಗಿನವರೆಲ್ಲ ಬಂದಿದ್ದರು. ಸಿತಾರಾ ಮುಸುರೆಯ ಮನೆಗಳಿಗೆ ರಜೆ ಹೇಳಿ ಬಂದಿದ್ದಳು. ಸ್ಲ್ಯಾಬಿನ ಕೆಳಗೆ ಇಬ್ಬರು ಪೇದೆಗಳು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಕಾವೇರವ್ವ ಹೋಗಿ ಒಬ್ಬನ ಭುಜ ಮುಟ್ಟಿದಳು.

"ಏಳ್ರಿ ಅಣ್ಣಾರ. ಮ್ಯಾಲಿಂದ ಪ್ಲೇಟ್ ಬೀಳತಾವ. ಹತ್ತಿದ್ರ ತಲಿ ಒಡೀತೈತಿ."

ಅವರು ಎದ್ದ ಅವಸರ ನೋಡಬೇಕಿತ್ತು. ಕುರ್ಚಿ ಎತ್ತಿಕೊಂಡೇ ಹೊರಗೆ ಓಡಿದರು. ಸಾಹೇಬರಿಗೆ ಫೋನು ಮಾಡಬೇಕೆಂಬುದು ಆಮೇಲೆ ನೆನಪಾಯಿತು.

ಕಾವೇರವ್ವ ನಡುಮಧ್ಯಕ್ಕೆ ಹೋಗಿ ನಿಂತಳು. ಉಳಿದವರನ್ನು ಬೀಮಿನ ಹೊರಗೆ ನಿಲ್ಲಿಸಿದಳು. ಮೊದಲ ಕಂಬದ ತಿರುಪಿಗೆ ಸುತ್ತಿಗೆಯಿಂದ ಒಂದು ಏಟು ಹಾಕಿದಳು. ಕಂಬ ಸಡಿಲಾಯಿತು. ಬೀಮಿನ ತನಕ ಮಾಲು ಬಿಟ್ಟವನು ನಾನೇ ಆದರೂ, ಆ ಗದ್ದಲದಲ್ಲಿ ಸಿಮೆಂಟು ಸರಿ ಬಿದ್ದಿತ್ತೋ ಇಲ್ಲವೋ ಎಂಬ ಅನುಮಾನ ಹೊಕ್ಕಿತು. ಎರಡನೇ ಕಂಬ. ಮೂರನೆಯದು. ಪ್ಲೇಟೊಂದು ಧಡ್ ಎಂದು ಬಿತ್ತು. ಅವಳು ಪಕ್ಕಕ್ಕೆ ಸರಿದು ಮೇಲೆ ನೋಡಿದಳು. ಸ್ಲ್ಯಾಬು ಅಲುಗಲಿಲ್ಲ. ಒಂದು ಬಿರುಕೂ ಇರಲಿಲ್ಲ.

"ಬರ್ರಿ ಒಳಗ. ಲಗೂ ಮಾಡ್ರಿ," ಎಂದಳು.

ಪ್ಲೇಟು ಬಿದ್ದ ಸಪ್ಪಳಕ್ಕೆ ಎರಡೂ ಪೆಂಡಾಲಿನವರು ಎಲೆ ಬಿಟ್ಟು ಎದ್ದು ಬಂದರು. ನಾವು ಹೆಗಲ ಮೇಲೆ ಹೊತ್ತು ಹೊರಗೆ ತಂದು ಅಂಗಳದಲ್ಲಿ ಒಟ್ಟುತ್ತಿದ್ದೆವು. ಚಾವಣಿ ತಾನೇ ನಿಂತದ್ದು ನೋಡಿ ಈಚೆಯವರು ಜೈಕಾರ ಹಾಕಿದರು. ಅದನ್ನು ಕೇಳಿ ಆಚೆಯವರು ಮೈಮೇಲೆ ಬಂದಂತೆ ಕೂಗಿದರು. ನಮ್ಮ ಹೆಗಲ ಮೇಲಿನ ಭಾರ ಒಬ್ಬರ ಕಣ್ಣಿಗೂ ಬೀಳಲಿಲ್ಲ. ಕೊನೆಯ ಕಂಬ ಹೊರಗೆ ಬರುವ ಹೊತ್ತಿಗೆ ಜೀಪು ಬಂತು, ಹಿಂದೆ ಒಂದು ಖಾಲಿ ಲಾರಿ. ದತ್ತು ಸಾವಕಾರ ಒಂದು ದೂರು ಕೊಟ್ಟಿದ್ದ, ಖಾದರಬಾಷಾ ಶೇಠ ಒಂದು ದೂರು ಕೊಟ್ಟಿದ್ದ. ಎರಡೂ ಕಾವೇರವ್ವನ ಮೇಲೆ.

"ಯಥಾಸ್ಥಿತಿ ಮುರದೀರಿ. ಈ ಸಾಮಾನ ಜಪ್ತಿ," ಎಂದ ಇನ್‌ಸ್ಪೆಕ್ಟರ್. "ಎಲ್ಲಾ ಲಾರಿಗೆ ಏರಸ್ರಿ."

ಅವನು ಹೇಳಿದ್ದು ನಮಗೆ. ಬಡೇಸಾಬ ಕಾಕಾ ಪ್ಲೇಟುಗಳ ಒಟ್ಟಿಲಿನ ಮೇಲೆ ಕುಳಿತುಬಿಟ್ಟ. "ಆಗಂಗಿಲ್ರಿ ಸಾಹೇಬ್ರ. ಇವತ್ತಿನ ಕೆಲಸ ನಮ್ದು ಮುಗೀತು."

ಪೇದೆಗಳು ಒಂದು ಪ್ಲೇಟು ಎತ್ತಲು ಹೋಗಿ ಬೆರಳು ಜಜ್ಜಿಕೊಂಡರು. ಇನ್‌ಸ್ಪೆಕ್ಟರ್ ಆಚೆಯ ಗುಂಪಿಗೆ ಹೇಳಿದ, ಈಚೆಯ ಗುಂಪಿಗೆ ಹೇಳಿದ. ಲಾರಿಗೆ ಮಾಲು ಏರಿಸಬಲ್ಲ ಕೈಗಳು ಅಲ್ಲಿ ಬಹಳ ಇದ್ದವು. ಗೋಡೆ ಕಟ್ಟುವ ಚೌಕದ ಗೌಂಡಿಗಳು, ಹಮಾಲರು, ಬಣ್ಣದವರು. ಅವರು ಕಾವೇರವ್ವನ ಮುಖ ನೋಡಿದರು. ಚೌಕದಲ್ಲಿ ಅವಳ ಪಕ್ಕದಲ್ಲಿ ನಿಂತು ಚಹಾ ಕುಡಿದವರು ಅವರು. ಒಬ್ಬನೂ ಮುಂದೆ ಬರಲಿಲ್ಲ.

"ಏಯ್, ಎತ್ತ್ರೋ," ಎಂದ ದತ್ತು ಸಾವಕಾರ ತನ್ನವರಿಗೆ.

"ನೀವ ಎತ್ತ್ರಿ ಸಾವಕಾರ್ರ," ಎಂದ ಆಚೆಯ ಗುಂಪಿನಲ್ಲಿದ್ದ ಒಬ್ಬ ಗೌಂಡಿ. ಅವನ ಕೈಗೆ ಇನ್ನೂ ಪೆಂಡಾಲಿನ ಅನ್ನ ಅಂಟಿತ್ತು.

ಸಾಮಾನು ಒಯ್ಯಲಾಗಲಿಲ್ಲ. ಅದಕ್ಕೇ ಕಾವೇರವ್ವನನ್ನು ಒಯ್ದರು. ಅಷ್ಟು ದಿನದ ಗದ್ದಲದಲ್ಲಿ ಕಲ್ಲು ತೂರಿದವರಿದ್ದರು, ಬೆಂಕಿ ಹಚ್ಚುತ್ತೇವೆ ಎಂದು ಮೈಕಿನಲ್ಲಿ ಕೂಗಿದವರಿದ್ದರು. ಪೊಲೀಸರ ಕೈಗೆ ಸಿಕ್ಕವಳು ತನ್ನ ಕಂಬ ತಾನು ಬಿಚ್ಚಿಕೊಂಡ ಹೆಂಗಸೊಬ್ಬಳೇ. ನನಗೆ ಸಿಟ್ಟಿಗೆ ಕಣ್ಣೀರು ಬಂತು. ಜೀಪಿನ ಮುಂದೆ ಹೋಗಿ ನಿಂತೆ. ಒಬ್ಬ ಪೇದೆ ಎದೆಗೆ ಕೈಕೊಟ್ಟು ದೂಡಿದ.

ಕಾವೇರವ್ವ ಜೀಪಿನ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಗಿಡ್ಯಣ್ಣ, ಜಗಳ ಆಮ್ಯಾಲ ಮಾಡು. ಪ್ಲೇಟಿಗೆ ಸಿಮೆಂಟ್ ಹತ್ತೇತಿ. ಎಲ್ಲಾ ಕೆರದು ಕರೇ ಎಣ್ಣಿ ಹಚ್ಚಿ ಇಡ್ರಿ. ಸೋಮವಾರ ಬೇಲೂರಿಗೆ ಹೋಗೂದೈತಿ."

ಜೀಪು ಹೋಯಿತು. ನಾನು ಮಿಕ್ಸರಿನ ಸುಟ್ಟ ಎಣ್ಣೆಯ ಡಬ್ಬಿ ತಂದೆ. ಸಿತಾರಾ ತಗಡಿನ ಚೂರಿನಿಂದ ಮೊದಲ ಪ್ಲೇಟು ಕೆರೆಯಲು ಕುಳಿತಳು. ಬಡೇಸಾಬ ಕಾಕಾ ಇನ್ನೊಂದು ಎಳೆದುಕೊಂಡ. ಆಚೆಯ ಗುಂಪಿನ ಆ ಗೌಂಡಿ ರಸ್ತೆ ದಾಟಿ ಬಂದು, ಅಂಗಿಗೆ ಕೈ ಒರೆಸಿಕೊಂಡು, ಒಂದು ಪ್ಲೇಟು ತೆಗೆದುಕೊಂಡ. ಈಚೆಯಿಂದ ಇಬ್ಬರು ಹಮಾಲರು ಬಂದರು. ಆಮೇಲೆ ಇನ್ನೂ ಕೆಲವರು. ಎಲ್ಲರೂ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಮೈಕುಗಳು ಮತ್ತೆ ಶುರುವಾದವು. ಆದರೆ ಅಷ್ಟು ಕಬ್ಬಿಣ ಒಟ್ಟಿಗೆ ಕೆರೆಯುವ ಕರಕರ ಸಪ್ಪಳದಲ್ಲಿ ಯಾರು ಏನು ಕೂಗುತ್ತಿದ್ದಾರೆಂದು ನಮಗೆ ಕೇಳಿಸುತ್ತಿರಲಿಲ್ಲ.

"ಏಳ್ರಿ, ಎದ್ದ ಹೋಗ್ರಿ," ಎಂದು ಉಳಿದ ಪೇದೆ ನಮ್ಮ ಸುತ್ತ ತಿರುಗುತ್ತಿದ್ದ.

"ಇನ್ನೂ ಭಾಳ ಅದಾವ್ರಿ," ಎಂದಳು ಸಿತಾರಾ, ತಲೆಯೆತ್ತದೆ. "ಅಕ್ಕನ್ನ ಬಿಟ್ಟ ಕಳಸ್ರಿ. ಆಕಿ ಬಂದು ನೋಡಿ ಸಾಕು ಅಂದಮ್ಯಾಲ ಏಳ್ತೇವಿ."